ಕಾಣದ ಪೇಟೆಯಲ್ಲಿ ಮಾನ ಮತ್ತು ಮಾಪನ

'ಮಾನ' ಎಂಬ ಶಬ್ದಕ್ಕೆ ನಮ್ಮ ನಿಘಂಟುಗಳಲ್ಲಿ ಎರಡು ಮುಖ್ಯಾರ್ಥಗಳು ದೊರೆಯುತ್ತವೆ. ಒಂದು ಅಳತೆ, ಇನ್ನೊಂದು ಗೌರವ. ಶಾಸನಗಳಲ್ಲಿ ಬಳ್ಳ, ಕೊಳಗ, ಖಂಡುಗಗಳ ಸಾಲಿನಲ್ಲಿ ಮಾನವೂ ಧಾನ್ಯವನ್ನಳೆಯುವ ಒಂದು ಪ್ರಮಾಣವಾಗಿ ಬರುತ್ತದೆ. ಮಾನವಂತ, ಮಾನಭಂಗ ಎನ್ನುವಾಗ ಅದೇ ಶಬ್ದ ಮನುಷ್ಯನ ಮರ್ಯಾದೆಯನ್ನು ಸೂಚಿಸುತ್ತದೆ. ವೈಯಾಕರಣರು ಇವೆರಡನ್ನೂ ಬೇರೆ ಬೇರೆ ಧಾತುಗಳಿಂದ ಸಾಧಿಸುತ್ತಾರೆ. ಅದು ಶಾಸ್ತ್ರಸಮ್ಮತವೇ ಸರಿ. ಆದರೆ ವ್ಯಾಪಾರದ ಪ್ರಸಂಗ ಬಂದಾಗ ಈ ಎರಡು ಅರ್ಥಗಳೂ ಒಂದರೊಡನೊಂದು ಬೆರೆತುಹೋಗುತ್ತವೆ. ಕೊಳಗವನ್ನು ಓರೆಮಾಡಿ ಅಳೆದ ವರ್ತಕನಿಗೆ ಮರುವಾರದ ಸಂತೆಯಲ್ಲಿ ಮರ್ಯಾದೆ ಉಳಿಯುತ್ತಿರಲಿಲ್ಲ.

ಅಂತರ್ಜಾಲದ ಮೂಲಕ ನಡೆಯುವ ಇಂದಿನ ವ್ಯಾಪಾರದಲ್ಲಿ ಈ ಮರ್ಯಾದೆಯನ್ನೇ ಅಳೆದು, ಅಂಕೆಯಲ್ಲಿ ಬರೆದು, ಸರಕಿನ ಚಿತ್ರದ ಕೆಳಗೆ ತೂಗುಹಾಕುವ ಪದ್ಧತಿ ಬಂದಿದೆ. ಕೊಂಡವರು ಒಂದರಿಂದ ಐದರವರೆಗೆ ನಕ್ಷತ್ರಗಳನ್ನು ಕೊಡುತ್ತಾರೆ. ಬೇಕೆನಿಸಿದರೆ ನಾಲ್ಕು ಮಾತು ಬರೆಯುತ್ತಾರೆ. ಮುಂದೆ ಕೊಳ್ಳುವವರು ಅದನ್ನು ನೋಡಿ ಹಣ ಕಳಿಸುತ್ತಾರೆ. ಈ ಅಂಕಗಳು ಕೊಳ್ಳುವವನಿಗೂ ಮಾರುವವನಿಗೂ ಏನು ಮಾಡುತ್ತವೆ ಎಂಬುದನ್ನು ಕುರಿತು ಪ್ರಸ್ತುತ ಲೇಖನದಲ್ಲಿ ಸ್ವಲ್ಪ ವಿವೇಚಿಸಬೇಕೆಂದಿದ್ದೇನೆ. ಭಾಷಾಪಂಡಿತನಿಗೆ ಅಂಗಡಿಯ ಉಸಾಬರಿ ಏಕೆ ಎಂದು ಕೆಲವರು ಕೇಳಿಯಾರು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ವರ್ತಕರಿದ್ದಾರೆ, ಬೇಸಾಯಗಾರರಿದ್ದಾರೆ, ಬೆಂಗಳೂರಿನ ಗಣಕಯಂತ್ರದ ಸಂಸ್ಥೆಗಳಲ್ಲಿ ದುಡಿಯುವವರಿದ್ದಾರೆ. ಮನೆಮನೆಯಲ್ಲಿಯೂ ಕೈಯೊಳಗೆ ಒಂದು ಪೇಟೆ ಇದೆ. ಅಲ್ಲದೆ ಅಂಕ ಕೊಡುವುದು ಉಪಾಧ್ಯಾಯರ ಕುಲವೃತ್ತಿ. ಅಂಕದ ಗುಣದೋಷಗಳನ್ನು ನಾವು ಅರಿಯದಿದ್ದರೆ ಇನ್ನಾರು ಅರಿತಾರು?

ವಿಷಯದ ಬೇರು ಅಕ್ಕಿಯ ಮೊರದಲ್ಲಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಎಂಬುವರು 1970ರಲ್ಲಿ ಒಂದು ಚಿಕ್ಕ ಪ್ರಬಂಧವನ್ನು ಪ್ರಕಟಿಸಿದರು. ಮಾರುವವನಿಗೆ ಸರಕಿನ ಗುಣ ತಿಳಿದಿದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಪೇಟೆ ಏನಾಗುತ್ತದೆ ಎಂಬುದು ಅದರ ವಿಚಾರ. ಬಳಸಿದ ಕಾರುಗಳ ಪೇಟೆಯೇ ಅವರು ತೆಗೆದುಕೊಂಡ ದೃಷ್ಟಾಂತ. ಕೆಟ್ಟ ಕಾರನ್ನು ಆ ನಾಡಿನ ಆಡುಮಾತಿನಲ್ಲಿ 'ನಿಂಬೆಹಣ್ಣು' ಎನ್ನುತ್ತಾರಂತೆ. ಹೊಸ ವಾಹನದ ಚಕ್ರದಡಿಗೆ ನಿಂಬೆಹಣ್ಣಿಟ್ಟು ಪೂಜಿಸುವ ನಮಗೆ ಇದು ವಿಚಿತ್ರವಾಗಿಯೇ ತೋರುತ್ತದೆ. ಒಳ್ಳೆಯ ಕಾರು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯದ ಗಿರಾಕಿ ಎಲ್ಲಕ್ಕೂ ಒಂದೇ ನಡುಮಟ್ಟದ ಬೆಲೆ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲಾರ, ಹಿಂದೆಗೆಯುತ್ತಾನೆ. ಉಳಿಯುವುದು ಕಳಪೆ ಕಾರುಗಳೇ. ಇದನ್ನರಿತ ಗಿರಾಕಿ ಇನ್ನೂ ಕಡಮೆ ಕೇಳುತ್ತಾನೆ. ಹೀಗೆ ಮೋಸಗಾರರು ಪ್ರಾಮಾಣಿಕರನ್ನು ಪೇಟೆಯಿಂದಲೇ ಹೊರಗೆ ದೂಡುತ್ತಾರೆ. ಇದೇ ಪ್ರಬಂಧದಲ್ಲಿ ಅಕರ್ಲಾಫರು ಭಾರತದ ಗೃಹಿಣಿಯನ್ನೂ ಸ್ಮರಿಸಿದ್ದಾರೆ: ಪೇಟೆಯ ಅಕ್ಕಿಯಲ್ಲಿ ಅಕ್ಕಿಯ ಬಣ್ಣ, ಅಕ್ಕಿಯ ಆಕಾರದ ಕಲ್ಲುಗಳನ್ನು ಬೇಕೆಂದೇ ಬೆರೆಸಿರುತ್ತಾರೆ, ಆಕೆ ಅವುಗಳನ್ನು ಆರಿಸಬೇಕಾಗುತ್ತದೆ ಎಂದು. ಪ್ರಬಂಧ ಅಚ್ಚಾಗುವ ಮುನ್ನ ಆತ ದೆಹಲಿಯಲ್ಲಿ ಸುಮಾರು ಒಂದು ವರ್ಷ ಇದ್ದು ಹೋಗಿದ್ದರು. ನಮ್ಮ ತಾಯಂದಿರು ಮೊರದಲ್ಲಿ ಕಲ್ಲಾರಿಸಿದ ಶ್ರಮ ಹೀಗೆ 2001ರ ನೊಬೆಲ್ ಪಾರಿತೋಷಕಕ್ಕೆ ಪಾತ್ರವಾದ ಸಿದ್ಧಾಂತದಲ್ಲಿ ಸೇರಿಹೋಗಿದೆ.

ಮೋಸ ಹೋಗದಿರಲು ಹಿಂದಿನವರು ಏನು ಮಾಡುತ್ತಿದ್ದರು? ಸಂತೆಯಲ್ಲಿ ಮುಖಪರಿಚಯವಿತ್ತು, ಕೈಯಲ್ಲಿ ಹಿಡಿದು ನೋಡುವ ಅವಕಾಶವಿತ್ತು. ದೂರದೇಶದ ವ್ಯಾಪಾರಕ್ಕೆ ಸಂಘಗಳಿದ್ದವು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘದ ಶಾಸನಗಳು ಕರ್ನಾಟಕದ ಎಲ್ಲೆಯಾಚೆಗೂ ದೊರೆತಿವೆ. ಆ ಶಾಸನಗಳಲ್ಲಿ ತಮ್ಮ ಸತ್ಯ, ಶೌಚ, ಶೌರ್ಯಗಳನ್ನು ವರ್ಣಿಸುವ ದೀರ್ಘ ಪ್ರಶಸ್ತಿಗಳಿರುತ್ತವೆ. ಪ್ರಶಸ್ತಿಯನ್ನು ಬರೆಯಿಸಿದವರು ಅವರೇ, ಕವಿಗೆ ಸಂಭಾವನೆ ಕೊಟ್ಟವರೂ ಅವರೇ ಎಂಬುದನ್ನು ಮರೆಯಬಾರದು. ಈ ಸಂಗತಿ ಮುಂದೆ ನಮ್ಮ ಉಪಯೋಗಕ್ಕೆ ಬರುತ್ತದೆ.

ನಮ್ಮ ಸೀಮೆಯದೇ ಆದ ಒಂದು ಉದಾಹರಣೆ ಹೊಗೆಸೊಪ್ಪಿನ ಹರಾಜು. ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಬ್ಯಾರನ್ನುಗಳಲ್ಲಿ ಹದಮಾಡಿದ ಎಲೆಯನ್ನು ರೈತರು ಬೇಲು ಕಟ್ಟಿ ಕಂಪಲಾಪುರಕ್ಕೋ ಕಟ್ಟೆಮಳಲವಾಡಿಗೋ ಸಾಗಿಸುವುದನ್ನು ವಾಚಕರೆಲ್ಲರೂ ಕಂಡಿದ್ದಾರೆ. 1975ರ ಶಾಸನದ ಮೇರೆಗೆ ತಂಬಾಕು ಮಂಡಳಿ ಸ್ಥಾಪನೆಯಾಯಿತು. 1984ರಲ್ಲಿ ಕರ್ನಾಟಕದಲ್ಲಿ ಮಂಡಳಿಯ ಹರಾಜು ಆರಂಭವಾಯಿತು. ಇಲ್ಲಿ ಎಲೆಯ ಬಣ್ಣ ಮತ್ತು ಗುಣವನ್ನು ನೋಡಿ ಶ್ರೇಣಿ ಗೊತ್ತುಮಾಡುತ್ತಾರೆ, ಬೇಲು ಖರೀದಿದಾರನ ಎದುರಿಗೇ ಇರುತ್ತದೆ, ಕೂಗುವ ಹರಾಜಿನ ಬದಲು ವಿದ್ಯುನ್ಮಾನ ಹರಾಜು ಬಂದಮೇಲೂ ಅವನು ಸಾಲಿನುದ್ದಕ್ಕೂ ನಡೆದೇ ಬೆಲೆ ಹೇಳಬೇಕು. ಬೇಲಿನ ಹೊರಮೈಗೆ ಹೊಳೆಯುವ ಎಲೆಯಿಟ್ಟು ಒಳಗೆ ಕೀಳೆಲೆ ತುಂಬುವ ಕುಯುಕ್ತಿ ಇಲ್ಲವೆಂದಲ್ಲ. ಆದರೆ ಬಿಚ್ಚಿ ನೋಡುವ ಹಕ್ಕು ಕೊಳ್ಳುವವನಿಗೆ ಇದೆ. ಅಂದರೆ ಈ ಪೇಟೆ ನಿಂತಿರುವುದು ಕಣ್ಣಿನ ಮೇಲೆ ಮತ್ತು ಮೂರನೆಯವನೊಬ್ಬನ ತೀರ್ಪಿನ ಮೇಲೆ. ನೆರೆಯವರು ರೈತನನ್ನು ಕುರಿತು ಏನೆನ್ನುತ್ತಾರೆಂಬ ಪ್ರಶ್ನೆ ಇಲ್ಲಿ ಏಳುವುದಿಲ್ಲ. 2014ರಲ್ಲಿ ನಮ್ಮ ರಾಜ್ಯದಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆಗಳನ್ನು ಗಣಕಯಂತ್ರದ ಮೂಲಕ ಒಂದುಗೂಡಿಸುವ ಏಕೀಕೃತ ಮಾರುಕಟ್ಟೆ ವೇದಿಕೆ ಪ್ರಾರಂಭವಾದಾಗಲೂ ಪ್ರಯೋಗಾಲಯದ ಗುಣಪರೀಕ್ಷೆಯನ್ನೇ ಆಧಾರವಾಗಿಟ್ಟುಕೊಳ್ಳುವ ಉದ್ದೇಶವಿತ್ತು. ಆದರೆ ವರ್ತಕರು ರಾಶಿಯಲ್ಲಿ ಕೈಯಾಡಿಸಿ ನೋಡುವ ರೂಢಿಯನ್ನು ಸುಲಭವಾಗಿ ಬಿಡಲಿಲ್ಲ. ಕೈ ಕಂಡದ್ದನ್ನು ಕಾಗದ ಹೇಳಿದರೆ ನಂಬುವವರು ಕಡಮೆ.

ಈಗ ಕೈಯೂ ಇಲ್ಲದ, ಕಣ್ಣೂ ಇಲ್ಲದ ಪೇಟೆಗೆ ಬರೋಣ.

1995ರಲ್ಲಿ ಅಮೆರಿಕದಲ್ಲಿ ಪಿಯರ್ ಒಮಿಡ್ಯಾರ್ ಎಂಬ ತರುಣ ಅಂತರ್ಜಾಲದಲ್ಲಿ ಒಂದು ಹರಾಜಿನ ಪೇಟೆಯನ್ನು ತೆರೆದ. ಮುಂದೆ ಅದಕ್ಕೆ ಈಬೇ ಎಂಬ ಹೆಸರು ಬಂತು. ಒಬ್ಬರ ಮುಖವನ್ನೊಬ್ಬರು ಕಾಣದ ಜನ ಇಲ್ಲಿ ಹಣ ಕಳಿಸಿ ಸರಕಿಗಾಗಿ ಕಾಯಬೇಕಾಗಿತ್ತು. ದೂರುಗಳೆಲ್ಲ ಒಮಿಡ್ಯಾರನ ಬಾಗಿಲಿಗೇ ಬರತೊಡಗಿದಾಗ, 1996ರಲ್ಲಿ, ವ್ಯವಹರಿಸಿದವರು ಪರಸ್ಪರರನ್ನು ಕುರಿತು ಬಹಿರಂಗವಾಗಿ ಅಭಿಪ್ರಾಯ ಬರೆಯುವ ಏರ್ಪಾಟನ್ನು ಆತ ಮಾಡಿದ. ಒಳ್ಳೆಯದಕ್ಕೆ ಒಂದು ಅಂಕ ಕೂಡುವುದು, ಕೆಟ್ಟದ್ದಕ್ಕೆ ಒಂದು ಕಳೆಯುವುದು, ನಡುವಣದಕ್ಕೆ ಸೊನ್ನೆ. ಇಂದಿನ ನಕ್ಷತ್ರಗಳ ಮೂಲಪುರುಷ ಇದೇ.

ಭಾರತದ ಕಥೆ ಸ್ವಲ್ಪ ಬೇರೆಯಾಗಿ ಸಾಗಿತು. 2007ರಲ್ಲಿ ಬೆಂಗಳೂರಿನಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಎಂಬಿಬ್ಬರು ಫ್ಲಿಪ್‌ಕಾರ್ಟ್ ಸಂಸ್ಥೆಯನ್ನು ಮೊದಲು ಪುಸ್ತಕದಂಗಡಿಯಾಗಿ ಆರಂಭಿಸಿದರು. ಕಾಣದವನಿಗೆ ಮೊದಲೇ ಹಣ ಕೊಡಲು ನಮ್ಮ ಜನ ಒಪ್ಪಲಿಲ್ಲ. 2010ರಲ್ಲಿ ಆ ಸಂಸ್ಥೆ ಸರಕು ಮನೆಬಾಗಿಲಿಗೆ ಬಂದಮೇಲೆ ಹಣ ಕೊಡುವ ಏರ್ಪಾಟನ್ನು ತಂದಿತು. ವ್ಯಾಪಾರ ಹಬ್ಬಿದ್ದು ಆಮೇಲೆಯೇ. ನಮ್ಮಲ್ಲಿ ನಂಬುಗೆಯ ಸಮಸ್ಯೆಗೆ ಮೊದಲ ಪರಿಹಾರ ದೊರೆತದ್ದು ನಕ್ಷತ್ರದಿಂದಲ್ಲ, 'ಮೊದಲು ಸಾಮಾನು, ಆಮೇಲೆ ದುಡ್ಡು' ಎಂಬ ಸಂತೆಯ ನ್ಯಾಯದಿಂದ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಮುಂದೆ ಆ ಅಂಗಡಿ ಅನ್ಯ ವರ್ತಕರೂ ಬಂದು ಮಾರುವ ಪೇಟೆಯಾಯಿತು. 2013ರಲ್ಲಿ ಅಮೆಜಾನ್ ಭಾರತಕ್ಕೆ ಬಂತು. ಒಂದೇ ಚಿತ್ರದ ಕೆಳಗೆ ಹತ್ತು ಮಂದಿ ಮಾರಾಟಗಾರರು ಸೇರಿದಾಗ ಇವರಲ್ಲಿ ಯಾರನ್ನು ನಂಬಬೇಕೆಂಬ ಪ್ರಶ್ನೆ ಎದ್ದಿತು. ನಕ್ಷತ್ರಗಳಿಗೆ ಬೆಲೆ ಬಂದದ್ದು ಆಗ.

ಬೆಲೆ ಎಂದರೆ ಅಕ್ಷರಶಃ ಬೆಲೆಯೇ. ಪಾಲ್ ರೆಸ್ನಿಕ್ ಮತ್ತು ಸಂಗಡಿಗರು 2006ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಈಬೇಯಲ್ಲಿ ಒಳ್ಳೆಯ ಹೆಸರು ಗಳಿಸಿದ್ದ ಒಬ್ಬ ವರ್ತಕ ಹಳೆಯ ಅಂಚೆಕಾರ್ಡುಗಳನ್ನು ತನ್ನ ಹೆಸರಿನಲ್ಲಿಯೂ, ಅದೇ ಬಗೆಯವನ್ನು ಹೊಸದಾಗಿ ಸೃಷ್ಟಿಸಿದ ಅಪರಿಚಿತ ಹೆಸರುಗಳಲ್ಲಿಯೂ ಮಾರಾಟಕ್ಕಿಟ್ಟ. ಮಾರುವವನು ಒಬ್ಬನೇ, ಸರಕೂ ಒಂದೇ. ಆದರೂ ಹೆಸರುವಾಸಿಯಾದವನಿಗೆ ಗ್ರಾಹಕರು ಸುಮಾರು ಶೇ. 8ರಷ್ಟು ಹೆಚ್ಚು ಕೊಡಲು ಒಪ್ಪಿದರು. 'ಹೆಸರು' ಎಂಬ ನಮ್ಮ ಶಬ್ದಕ್ಕೆ ನಾಮ ಮತ್ತು ಕೀರ್ತಿ ಎಂಬ ಎರಡು ಅರ್ಥಗಳಿರುವುದು ಸುಮ್ಮನೆ ಅಲ್ಲ.

ಗಳಿಸುವುದು ನಿಧಾನ, ಕಳೆಯುವುದು ತತ್‌ಕ್ಷಣ. ಲೂಯಿಸ್ ಕಾಬ್ರಾಲ್ ಮತ್ತು ಅಲಿ ಹೊರ್ತಾಚ್ಸು ಎಂಬ ವಿದ್ವಾಂಸರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದುವರೆಗೆ ವಾರಕ್ಕೆ ಶೇ. 5ರ ಗತಿಯಲ್ಲಿ ಏರುತ್ತಿದ್ದ ಮಾರಾಟ, ಮೊತ್ತಮೊದಲ ಪ್ರತಿಕೂಲ ಅಭಿಪ್ರಾಯ ಬಿದ್ದೊಡನೆ ವಾರಕ್ಕೆ ಶೇ. 8ರ ಗತಿಯಲ್ಲಿ ಇಳಿಯತೊಡಗಿತು. ಇನ್ನೂ ಗಂಭೀರವಾದ ಸಂಗತಿಯೊಂದಿದೆ. ಎರಡನೆಯ ದೂರು ಮೊದಲನೆಯದಕ್ಕಿಂತ ಬೇಗ ಬರುತ್ತದೆ. ಅಂಕ ಇಳಿದ ವರ್ತಕ ಅಂಗಡಿ ಮುಚ್ಚುವ ಸಂಭವವೂ ಹೆಚ್ಚು. ಮುಚ್ಚುವುದಕ್ಕೆ ಸ್ವಲ್ಪ ಮುನ್ನ ಅವನ ವಿರುದ್ಧ ದೂರುಗಳ ಸುರಿಮಳೆಯಾಗುತ್ತದೆ. ಉಳಿಸಿಕೊಳ್ಳಲು ಹೆಸರೇ ಇಲ್ಲವೆಂದಾದಮೇಲೆ ಸರಿಯಾಗಿ ನಡೆದುಕೊಳ್ಳುವ ಪ್ರೇರಣೆಯೂ ಹೋಗುತ್ತದೆ ಎಂದೇ ಇದನ್ನು ಅರ್ಥಮಾಡಿಕೊಳ್ಳಬೇಕು. ತರಗತಿಯಲ್ಲಿ ಒಮ್ಮೆ ದಡ್ಡನೆಂಬ ಹಣೆಪಟ್ಟಿ ಬಿದ್ದ ಹುಡುಗ ಆಮೇಲೆ ಪುಸ್ತಕವನ್ನೇ ತೆರೆಯದಿರುವುದನ್ನು ಕಂಡವರಿಗೆ ಇದು ಹೊಸತಲ್ಲ.

ಇದರಲ್ಲಿ ಅನ್ಯಾಯವೂ ಉಂಟು. ಸರಕು ತಡವಾಗಿ ಬಂದದ್ದು ಸಾಗಣೆಯವನ ದೋಷ. ಪೆಟ್ಟಿಗೆ ಜಜ್ಜಿದ್ದು ಗೋದಾಮಿನವನ ದೋಷ. ನಕ್ಷತ್ರ ಕಳೆದುಕೊಳ್ಳುವವನು ಮಾತ್ರ ಮಾರಾಟಗಾರ. ಹೊಸದಾಗಿ ಬರುವವನ ಪಾಡಂತೂ ಹೇಳತೀರದು. ನಕ್ಷತ್ರವಿಲ್ಲದವನಲ್ಲಿ ಯಾರೂ ಕೊಳ್ಳುವುದಿಲ್ಲ. ಯಾರೂ ಕೊಳ್ಳದೆ ನಕ್ಷತ್ರ ಬರುವುದಿಲ್ಲ. ಬೀಜವೃಕ್ಷನ್ಯಾಯವೆಂದು ತರ್ಕಶಾಸ್ತ್ರದಲ್ಲಿ ಓದಿದ್ದು ಇಲ್ಲಿ ಪ್ರತ್ಯಕ್ಷವಾಗಿ ಕಾಣುತ್ತದೆ. ಚನ್ನಪಟ್ಟಣದ ಅರಗಿನ ಬೊಂಬೆ ಮಾಡುವ ಕುಶಲಕರ್ಮಿಯೊಬ್ಬನ ಕೈಯಲ್ಲಿ ತಲೆಮಾರುಗಳ ವಿದ್ಯೆಯಿದ್ದರೂ ಆ ಪೇಟೆಯಲ್ಲಿ ಅವನು ನಿನ್ನೆ ಹುಟ್ಟಿದವನು. ಚನ್ನಪಟ್ಟಣದ ಬೊಂಬೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಇವುಗಳಿಗೆ ದೊರೆತಿರುವ ಭೌಗೋಳಿಕ ಸೂಚಕದ ಮುದ್ರೆ ಇಲ್ಲಿ ಸ್ವಲ್ಪ ಸಹಾಯಕ್ಕೆ ಬರಬಲ್ಲುದು. ವ್ಯಕ್ತಿಯ ಹೆಸರಿಲ್ಲದವನಿಗೆ ಊರಿನ ಹೆಸರು ಜಾಮೀನು ನಿಲ್ಲುತ್ತದೆ.

ಕೊಳ್ಳುವವನ ಕಡೆಯಿಂದ ನೋಡೋಣ. ಅವನಿಗೆ ಈ ಅಂಕಗಳು ನಿಜವಾಗಿ ಎಷ್ಟು ತಿಳಿಸುತ್ತವೆ? ಈಬೇಯ ಲೆಕ್ಕಗಳನ್ನು ಪರಿಶೀಲಿಸಿದ ಕ್ರಿಸ್ ನಾಸ್ಕೊ ಮತ್ತು ಸ್ಟೀವನ್ ಟಡೆಲಿಸ್ ಎಂಬುವರು 2015ರಲ್ಲಿ ತಿಳಿಸಿದಂತೆ ಅಲ್ಲಿನ ವರ್ತಕರ ಅನುಕೂಲ ಅಭಿಪ್ರಾಯದ ಸರಾಸರಿ ಶೇ. 99.3. ಅರ್ಧಕ್ಕಿಂತ ಹೆಚ್ಚು ಮಂದಿಗೆ ಪೂರ್ತಿ ನೂರಕ್ಕೆ ನೂರು. ಎಲ್ಲರೂ ಪ್ರಥಮದರ್ಜೆಯಲ್ಲಿ ತೇರ್ಗಡೆಯಾದ ತರಗತಿಯಲ್ಲಿ ಜಾಣ ಯಾರೆಂದು ಹೇಗೆ ಗುರುತಿಸುವುದು? ಆಂತರಿಕ ಮೌಲ್ಯಮಾಪನದ ಅಂಕಪಟ್ಟಿ ತುಂಬಿದ ಅನುಭವವಿರುವ ಉಪಾಧ್ಯಾಯಮಿತ್ರರಿಗೆ ಇದನ್ನು ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಅಂಕಗಳು ಹೀಗೆ ಉಬ್ಬಲು ಕಾರಣಗಳಿವೆ. ಮೊದಲು ಈಬೇಯಲ್ಲಿ ಮಾರುವವನೂ ಕೊಳ್ಳುವವನಿಗೆ ಅಂಕ ಕೊಡಬಹುದಾಗಿತ್ತು. ನೀನು ನನ್ನನ್ನು ದೂರಿದರೆ ನಾನು ನಿನ್ನನ್ನು ದೂರುತ್ತೇನೆ ಎಂಬ ಭಯದಿಂದ ನೊಂದವರೂ ಬಾಯಿ ಮುಚ್ಚಿಕೊಂಡರು. ಆದುದರಿಂದಲೇ 2008ರಲ್ಲಿ ಆ ಸಂಸ್ಥೆ ಗ್ರಾಹಕರ ಮೇಲೆ ಪ್ರತಿಕೂಲ ಅಂಕ ಹಾಕುವ ಅಧಿಕಾರವನ್ನು ವರ್ತಕರಿಂದ ಕಿತ್ತುಕೊಂಡಿತು. ವರ್ತಕರು ಇದನ್ನು ಪ್ರತಿಭಟಿಸಿದರು. ಕುಚೋದ್ಯದ ಗ್ರಾಹಕನಿಂದ ತಮಗೆ ರಕ್ಷಣೆಯೆಲ್ಲಿ ಎಂಬ ಅವರ ಪ್ರಶ್ನೆಯೂ ನಿರಾಧಾರವಾದುದಲ್ಲ. ಆದರೂ ಆ ನಿರ್ಧಾರ ಸಾಧುವಾದುದೆಂದೇ ನನ್ನ ಮತ. ಪರೀಕ್ಷಕನಿಗೆ ಪರೀಕ್ಷಾರ್ಥಿ ಅಂಕ ಕೊಡುವಂತಿದ್ದರೆ ಎಲ್ಲರ ಉತ್ತರಪತ್ರಿಕೆಯೂ ಉತ್ತಮವೇ ಆಗುತ್ತದೆ.

ಇನ್ನೊಂದು ಕಾರಣ ದಾಕ್ಷಿಣ್ಯ. ಕೆಟ್ಟದ್ದನ್ನು ಬರೆಯಲು ನಾಚುವ ಜನ ಏನನ್ನೂ ಬರೆಯದೆ ಸುಮ್ಮನಾಗುತ್ತಾರೆ. ಮೌನವೆಂದರೆ ಸಮ್ಮತಿ ಎಂದು ನಾವು ಹೇಳುವುದುಂಟು. ನಾಸ್ಕೊ ಮತ್ತು ಟಡೆಲಿಸರು ತೋರಿಸಿಕೊಟ್ಟದ್ದು ಇದಕ್ಕೆ ತೀರ ವಿರುದ್ಧವಾದದ್ದು. ಅವರು ಒಬ್ಬ ವರ್ತಕನಿಗೆ ಬಂದ ಅನುಕೂಲ ಅಭಿಪ್ರಾಯಗಳನ್ನು, ಅಭಿಪ್ರಾಯ ಬರೆದವರ ಸಂಖ್ಯೆಯಿಂದ ಭಾಗಿಸದೆ, ಸುಮ್ಮನಿದ್ದವರನ್ನೂ ಸೇರಿಸಿ ಒಟ್ಟು ವ್ಯವಹಾರಗಳ ಸಂಖ್ಯೆಯಿಂದ ಭಾಗಿಸಿದರು. ನೂರು ಮಂದಿಗೆ ಮಾರಿ, ಎಪ್ಪತ್ತು ಮಂದಿ ಮೆಚ್ಚಿ ಬರೆದ ವರ್ತಕನೂ, ನೂರು ಮಂದಿಗೆ ಮಾರಿ ಮೂವತ್ತು ಮಂದಿ ಮಾತ್ರ ಮೆಚ್ಚಿ ಬರೆದು ಉಳಿದವರು ಮೌನವಾದ ವರ್ತಕನೂ ಹಳೆಯ ಲೆಕ್ಕದಲ್ಲಿ ಸಮಾನರು, ಇಬ್ಬರಿಗೂ ನೂರಕ್ಕೆ ನೂರು. ಹೊಸ ಲೆಕ್ಕದಲ್ಲಿ ಅವರ ನಡುವಣ ಅಂತರ ಬಯಲಾಗುತ್ತದೆ. ಈ ಲೆಕ್ಕದಲ್ಲಿ ಕೆಳಗಿದ್ದ ವರ್ತಕರಿಂದ ಕೊಂಡವರು ಮುಂದೆ ಆ ವರ್ತಕನನ್ನು ಮಾತ್ರವಲ್ಲ, ಆ ಪೇಟೆಯನ್ನೇ ಬಿಟ್ಟುಹೋಗುವುದು ಹೆಚ್ಚು ಎಂದೂ ಕಂಡುಬಂತು. ಒಬ್ಬನ ಕಳಪೆಗೆ ಪೇಟೆಯ ಪ್ರಾಮಾಣಿಕರೆಲ್ಲರೂ ದಂಡ ತೆರುತ್ತಾರೆ; ನೊಂದವನು ಮಾತ್ರ ಯಾರನ್ನೂ ದೂರದೆ ಸದ್ದಿಲ್ಲದೆ ಎದ್ದು ಹೋಗಿರುತ್ತಾನೆ.

ಇಲ್ಲಿ ಇನ್ನೊಂದು ಮುಖ್ಯ ವಿಚಾರವಿದೆ. ನಮ್ಮ ರೈತರಿಗೆ ಇದು ಹೆಚ್ಚು ಸಂಬಂಧಿಸಿದ್ದು. ಸರಕುಗಳಲ್ಲಿ ಮೂರು ಬಗೆ. ನೋಡಿದೊಡನೆ ಗುಣ ತಿಳಿಯುವವು ಕೆಲವು. ಬಳಸಿದಮೇಲೆ ತಿಳಿಯುವವು ಕೆಲವು. ಬಳಸಿದರೂ ತಿಳಿಯದವು ಕೆಲವು. ಸೀರೆಯ ಬಣ್ಣ ಮೊದಲನೆಯದು, ಅದು ಒಗೆತಕ್ಕೆ ನಿಲ್ಲುವುದೋ ಇಲ್ಲವೋ ಎಂಬುದು ಎರಡನೆಯದು. ಮೂರನೆಯದಕ್ಕೆ ಜೇನುತುಪ್ಪ ಒಳ್ಳೆಯ ಉದಾಹರಣೆ. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪೇಟೆಯ ಜೇನುತುಪ್ಪಗಳನ್ನು ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿತು. 22 ಮಾದರಿಗಳಲ್ಲಿ ಎಲ್ಲ ಪರೀಕ್ಷೆಗಳನ್ನೂ ದಾಟಿದವು 5 ಮಾತ್ರ. ಸಕ್ಕರೆಯ ಪಾಕ ಬೆರೆತದ್ದನ್ನು ನಾಲಗೆ ಹಿಡಿಯಲಾರದು. ನಾಲಗೆ ಹಿಡಿಯಲಾರದ್ದನ್ನು ನಕ್ಷತ್ರ ಹಿಡಿಯಲಾರದು. ಜೇನಿನ ಸೀಸೆಗೆ ಐದು ನಕ್ಷತ್ರ ಕೊಟ್ಟ ಸಾವಿರ ಮಂದಿ ಹೇಳಿರುವುದು ಅದು ಸಿಹಿಯಾಗಿತ್ತು, ಸೀಸೆ ಒಡೆದಿರಲಿಲ್ಲ ಎಂದಷ್ಟೇ. ಹೆಗ್ಗಡದೇವನಕೋಟೆಯ ಕಾಡಿನಂಚಿನಲ್ಲಿ ನಿಜವಾಗಿಯೂ ಹೆಜ್ಜೇನು ಇಳಿಸಿದವನ ಸೀಸೆಗೂ ಪಾಕದ ಸೀಸೆಗೂ ಆ ಪೇಟೆಯಲ್ಲಿ ಒಂದೇ ಮರ್ಯಾದೆ. ಪಾಕದವನದು ಅಗ್ಗವಾದ್ದರಿಂದ ಒಂದು ನಕ್ಷತ್ರ ಹೆಚ್ಚಾದರೂ ಆಶ್ಚರ್ಯವಿಲ್ಲ. ಅಕರ್ಲಾಫರ ನಿಂಬೆಹಣ್ಣು ಹೀಗೆ ನಕ್ಷತ್ರ ಮುಡಿದುಕೊಂಡು ಮರಳಿ ಬರುತ್ತದೆ.

ಬಿತ್ತನೆಯ ಬೀಜದ ವಿಷಯವಂತೂ ಇನ್ನೂ ಕಷ್ಟ. ಇತ್ತೀಚೆಗೆ ತರಕಾರಿ ಬೀಜ, ಸಸಿ, ಔಷಧಿಗಳನ್ನು ಮೊಬೈಲಿನಲ್ಲಿಯೇ ತರಿಸಿಕೊಳ್ಳುವವರು ಹಳ್ಳಿಗಳಲ್ಲಿ ಇದ್ದಾರೆ. ಪೊಟ್ಟಣ ಮನೆಗೆ ಬಂದ ಒಂದೆರಡು ದಿನದಲ್ಲಿ 'ಹೇಗಿದೆ ತಿಳಿಸಿ' ಎಂಬ ಸಂದೇಶ ಬರುತ್ತದೆ. ರೈತ ಏನು ತಿಳಿಸಿಯಾನು? ಪೊಟ್ಟಣ ಚೆನ್ನಾಗಿದೆ, ಬೇಗ ಬಂತು ಎಂದು ಐದು ನಕ್ಷತ್ರ ಒತ್ತುತ್ತಾನೆ. ಮೊಳಕೆ ಬಂತೇ ಎಂಬುದು ಹತ್ತು ದಿನದ ಮಾತು. ಕಾಯಿ ಕಟ್ಟಿತೇ, ತಳಿ ಅವರು ಹೇಳಿದ್ದೇ ಹೌದೇ ಎಂಬುದು ಮೂರು ತಿಂಗಳ ಮಾತು. ಅಷ್ಟರಲ್ಲಿ ಅವನ ನಕ್ಷತ್ರವನ್ನು ನಂಬಿ ಪಕ್ಕದ ಊರಿನವನೂ ಅದೇ ಬೀಜವನ್ನು ಬಿತ್ತಿರುತ್ತಾನೆ. ಮುಂಗಾರು ಒಮ್ಮೆ ಹೋದರೆ ಆ ವರ್ಷಕ್ಕೆ ಹೋದಂತೆಯೇ; ಬೀಜದ ಹಣವನ್ನು ಹಿಂತಿರುಗಿಸಿದರೂ ಹಂಗಾಮನ್ನು ಹಿಂತಿರುಗಿಸುವವರಿಲ್ಲ. ಬೀಜದ ಪೊಟ್ಟಣದ ಮೇಲೆ ತಂಡದ ಸಂಖ್ಯೆ, ಮೊಳೆಯುವ ಪ್ರಮಾಣ, ಪರೀಕ್ಷಿಸಿದ ದಿನಾಂಕ ಇವು ಮುದ್ರಿತವಾಗಿರುತ್ತವೆ. ನೂರು ನಕ್ಷತ್ರಗಳಿಗಿಂತ ಆ ಚೀಟಿಯ ಮೂರು ಸಾಲು ಮೇಲು. ರಸೀದಿಯನ್ನೂ ಚೀಟಿಯನ್ನೂ ಕೊಯ್ಲಾಗುವವರೆಗೆ ಎಸೆಯಬಾರದೆಂದು ಹಳೆಯ ವಿದ್ಯಾರ್ಥಿಗಳಾದ ರೈತಬಂಧುಗಳಲ್ಲಿ ನನ್ನ ವಿನಂತಿ.

ಇದುವರೆಗೆ ಹೇಳಿದ್ದೆಲ್ಲ ಸದುದ್ದೇಶದಿಂದ ಬರೆದವರ ಮಾತಾಯಿತು. ದುರುದ್ದೇಶದಿಂದ ಬರೆಯುವವರೂ ಉಂಟು. ಮಾರಾಟಗಾರ ತನ್ನ ಸರಕನ್ನು ತಾನೇ ಹೊಗಳಿಸುವುದು, ಎದುರಾಳಿಯ ಸರಕನ್ನು ಹಣ ಕೊಟ್ಟು ತೆಗಳಿಸುವುದು ಒಂದು ವೃತ್ತಿಯಾಗಿಯೇ ಬೆಳೆದಿದೆ. ಅಮೆರಿಕದ ಹೋಟೆಲುಗಳನ್ನು ಕುರಿತು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಜಾಣತನದಿಂದ ಹಿಡಿದಿದೆ. ಒಂದು ತಾಣದಲ್ಲಿ ಕೊಠಡಿ ಕಾದಿರಿಸಿ ತಂಗಿದ್ದವರು ಮಾತ್ರ ಬರೆಯಬಹುದು. ಇನ್ನೊಂದರಲ್ಲಿ ಯಾರು ಬೇಕಾದರೂ ಬರೆಯಬಹುದು. ಒಂದೇ ಹೋಟೆಲಿಗೆ ಎರಡು ಕಡೆಯೂ ಬಂದ ಅಭಿಪ್ರಾಯಗಳನ್ನು ಹೋಲಿಸಿದಾಗ, ಪಕ್ಕದಲ್ಲಿ ಸಣ್ಣ ಮಾಲೀಕನ ಹೋಟೆಲಿದ್ದ ಕಡೆಗಳಲ್ಲಿ ಎರಡನೆಯ ತಾಣದ ನಿಂದೆ ಹೆಚ್ಚಾಗಿ ಕಂಡಿತು.

ವಚನಸಾಹಿತ್ಯವನ್ನು ಓದಿದವರಿಗೆ ಅಂಕಿತದ ಮಹತ್ತ್ವ ತಿಳಿದಿದೆ. ಅಂಕ, ಅಂಕಿತ ಎರಡೂ ಗುರುತನ್ನೇ ಹೇಳುವ ಶಬ್ದಗಳು. ವಚನ ಯಾರದೆಂದು ಸಾರುವ ಮುದ್ರೆ ಅಂಕಿತ; ಆದರೆ ಅದೇ ಅಂಕಿತವನ್ನಿಟ್ಟು ಅನಂತರದವರು ಬರೆದು ಸೇರಿಸಿದ ಪ್ರಕ್ಷಿಪ್ತಗಳನ್ನು ಬೇರ್ಪಡಿಸಲು ನಮ್ಮ ಸಂಪಾದಕರು ಪಟ್ಟ ಶ್ರಮ ಅಷ್ಟಿಷ್ಟಲ್ಲ. ಬೆಲೆಯುಳ್ಳ ಗುರುತಿಗೆ ನಕಲು ಹುಟ್ಟಿಯೇ ಹುಟ್ಟುತ್ತದೆ. ನಮ್ಮ ಸರ್ಕಾರಿ ಕಾರ್ಖಾನೆಯ ಮೈಸೂರ್ ಸ್ಯಾಂಡಲ್ ಸಾಬೂನಿನ ನಕಲನ್ನು ತಯಾರಿಸುತ್ತಿದ್ದ ಘಟಕವೊಂದು 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಸಿಕ್ಕಿಬಿದ್ದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ.

ಕಾನೂನು ಸುಮ್ಮನೆ ಕುಳಿತಿಲ್ಲ. 2020ರ ಜುಲೈಯಲ್ಲಿ ಹೊರಬಿದ್ದ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, ಮಾರಾಟಗಾರ ಗ್ರಾಹಕನ ವೇಷ ಹಾಕಿ ತನ್ನ ಸರಕನ್ನು ಕುರಿತು ಅಭಿಪ್ರಾಯ ಬರೆಯುವುದನ್ನು ನಿಷೇಧಿಸಿವೆ. 2022ರ ನವೆಂಬರಿನಲ್ಲಿ ಭಾರತೀಯ ಮಾನಕ ಬ್ಯೂರೋ ಗ್ರಾಹಕರ ಅಭಿಪ್ರಾಯಗಳನ್ನು ಸಂಗ್ರಹಿಸುವ ಮತ್ತು ಪ್ರಕಟಿಸುವ ರೀತಿಗೆ ಐಎಸ್ 19000 ಎಂಬ ಮಾನಕವನ್ನು ತಂದಿತು. ಅದನ್ನು ಹೊರಡಿಸಿದಾಗ ಪಾಲಿಸುವುದು ಬಿಡುವುದು ಸಂಸ್ಥೆಗಳ ಇಚ್ಛೆಗೆ ಬಿಟ್ಟದ್ದಾಗಿತ್ತು. ಅಮೆರಿಕವೂ 2024ರಲ್ಲಿ ಸುಳ್ಳು ಅಭಿಪ್ರಾಯಗಳ ಕ್ರಯವಿಕ್ರಯವನ್ನು ನಿಷೇಧಿಸಿತು.

ಆದರೆ ನಿಯಮ ಹಿಡಿಯುವವರೆಗೆ ಓದುಗನೇ ತನ್ನ ರಕ್ಷಣೆ ಮಾಡಿಕೊಳ್ಳಬೇಕಷ್ಟೆ. ಇಲ್ಲಿ ಭಾಷಾಪಂಡಿತನ ಮಾತಿಗೆ ಸ್ವಲ್ಪ ಅವಕಾಶವುಂಟು. ಹಿಂದೆ ಹೇಳಿದ ಶಾಸನಗಳನ್ನು ನೆನೆಯಿರಿ. ಶಾಸನದಲ್ಲಿ ಪ್ರಶಸ್ತಿಯ ಭಾಗ ಬೇರೆ, ದತ್ತಿಯ ಭಾಗ ಬೇರೆ. ಪ್ರಶಸ್ತಿಯಲ್ಲಿ ಪ್ರತಿಯೊಬ್ಬ ದಾನಿಯೂ ಕರ್ಣನೇ, ಪ್ರತಿಯೊಬ್ಬ ಶೂರನೂ ಭೀಮನೇ. ದತ್ತಿಯ ಭಾಗದಲ್ಲಿ ಮಾತ್ರ ಯಾವ ಕೆರೆಯ ಕೆಳಗೆ, ಯಾವ ಅಳತೆಯ ಕೋಲಿನಿಂದ, ಎಷ್ಟು ಗದ್ದೆ ಎಂಬ ವಿವರವಿರುತ್ತದೆ. ಚರಿತ್ರಕಾರ ಹೆಚ್ಚಾಗಿ ನೆಚ್ಚುವುದು ಎರಡನೆಯದನ್ನು. ಗ್ರಾಹಕರ ಅಭಿಪ್ರಾಯಗಳನ್ನೂ ಹೀಗೆಯೇ ಓದಬೇಕು. 'ಸೂಪರ್', 'ವೇಸ್ಟ್', 'ಅದ್ಭುತ' ಇವು ಪ್ರಶಸ್ತಿ, ಬರೀ ವಿಶೇಷಣಗಳು. 'ಎರಡು ತಿಂಗಳು ಬಳಸಿದೆ, ಹಿಡಿ ಸಡಿಲವಾಯಿತು, ಬದಲಿ ಕೊಟ್ಟರು' ಎಂಬುದು ದತ್ತಿ. ಇಲ್ಲಿ ಕಾಲವಿದೆ, ಕ್ರಿಯಾಪದವಿದೆ. ಐದು ನಕ್ಷತ್ರದವರನ್ನೂ ಒಂದು ನಕ್ಷತ್ರದವರನ್ನೂ ಬದಿಗಿಟ್ಟು ಮೂರು ನಕ್ಷತ್ರ ಕೊಟ್ಟವರನ್ನು ಮೊದಲು ಓದುವುದು ನನ್ನ ಅಭ್ಯಾಸ. ಅವರಿಗೆ ಹೊಗಳುವ ಅವಸರವೂ ಇಲ್ಲ, ಸೇಡಿನ ಅವಸರವೂ ಇಲ್ಲ. ಒಂಬತ್ತನೆಯ ತರಗತಿಯ ರಚನಾಪಾಠದಲ್ಲಿ 'ನಾನು ಕೊಂಡ ವಸ್ತು' ಎಂದು ಎಂಟು ವಾಕ್ಯ ಬರೆಯಿಸಿ, ವಿಶೇಷಣಗಳಿಗೆ ಕೆಂಪು ಗೆರೆ ಎಳೆಯಿಸಿದರೆ ವ್ಯಾಕರಣವೂ ವ್ಯವಹಾರಜ್ಞಾನವೂ ಒಟ್ಟಿಗೆ ಬರುತ್ತವೆ. ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ 2020ರಲ್ಲಿಯೇ ಕನ್ನಡದಲ್ಲಿ ವ್ಯವಹರಿಸಲು ಅನುವು ಮಾಡಿದವು. ಆದರೂ ನಮ್ಮವರು ಅಭಿಪ್ರಾಯವನ್ನು ಕನ್ನಡ ಲಿಪಿಯಲ್ಲಿ ಬರೆಯುವುದು ಅಪರೂಪ. ಹತ್ತು ಮಂದಿ ಕನ್ನಡಿಗರು ತಾವು ಕೊಂಡ ಬೀಜವನ್ನು ಕುರಿತು ಕೊಯ್ಲಿನ ಅನಂತರ ಕನ್ನಡದಲ್ಲಿ ಬರೆದಿಟ್ಟರೆ ಹನ್ನೊಂದನೆಯವನಿಗೆ ಅದು ಸಹಾಯವಾಗುತ್ತದೆ.

ಇನ್ನೊಂದು ಮಾತನ್ನು ಹೇಳಿ ಮುಗಿಸುತ್ತೇನೆ. ಸರಕಿಗೆ ಅಂಕ ಕೊಡುವುದು ಒಂದು, ಮನುಷ್ಯನಿಗೆ ಅಂಕ ಕೊಡುವುದು ಇನ್ನೊಂದು. ಊಟ ತಂದುಕೊಡುವ ಹುಡುಗ, ಆಟೋ ಓಡಿಸುವವನು, ಮನೆಗೆ ಬಂದು ದುರಸ್ತಿ ಮಾಡುವವನು ಇವರೆಲ್ಲರ ದಿನದ ಸಂಪಾದನೆ ಈಗ ನಮ್ಮ ಹೆಬ್ಬೆರಳಿನ ಕೆಳಗೆ ಇದೆ. ಈ ಕೆಲಸಗಳಲ್ಲಿ ನಮ್ಮ ತಾಲ್ಲೂಕುಗಳಿಂದ ಬೆಂಗಳೂರಿಗೆ, ಮೈಸೂರಿಗೆ ಹೋದ ತರುಣರೂ ಇದ್ದಾರೆ. ಮಳೆಯಲ್ಲಿ ತಡವಾಯಿತೆಂದು ಒಬ್ಬರು ಒತ್ತಿದ ಒಂದು ನಕ್ಷತ್ರ, ಯಾರು ಏಕೆ ಒತ್ತಿದರೆಂಬುದು ಅವನಿಗೆ ತಿಳಿಯದೆಯೇ, ಅವನ ಮರುದಿನದ ಕೆಲಸವನ್ನು ಕಡಮೆ ಮಾಡಬಲ್ಲುದು. ಹರಾಜಿನ ಕಟ್ಟೆಯಲ್ಲಿ ಬೇಲಿನ ಶ್ರೇಣಿ ತನಗೆ ಒಪ್ಪಿಗೆಯಾಗದಿದ್ದರೆ ರೈತ ಅಲ್ಲಿಯೇ ನಿಂತು ಕೇಳಬಹುದು. ಈ ಹುಡುಗನಿಗೆ ಎದುರು ನಿಂತು ಕೇಳಲು ಯಾರೂ ಇರಲಿಲ್ಲ. ಕರ್ನಾಟಕ ಸರ್ಕಾರ ವೇದಿಕೆ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕ್ಷೇಮಾಭಿವೃದ್ಧಿಗಾಗಿ 2025ರ ಮೇ ತಿಂಗಳಿನಲ್ಲಿ ಒಂದು ಸುಗ್ರೀವಾಜ್ಞೆಯನ್ನು ಹೊರಡಿಸಿತು. ಅದೇ ವರ್ಷ ವಿಧಾನಮಂಡಲ ಅದನ್ನು ಅಧಿನಿಯಮವಾಗಿ ಅಂಗೀಕರಿಸಿತು. ಕೆಲಸದಿಂದ ತೆಗೆಯುವುದಕ್ಕೆ ಮುನ್ನ 14 ದಿನಗಳ ತಿಳುವಳಿಕೆ ಕೊಡಬೇಕು, ಕಾರಣ ತಿಳಿಸಬೇಕು, ಯಂತ್ರ ತನ್ನಷ್ಟಕ್ಕೆ ತಾನೇ ಮಾಡುವ ನಿರ್ಧಾರಗಳ ಬಗೆಗೆ ಕಾರ್ಮಿಕನಿಗೆ ಮಾಹಿತಿ ಕೊಡಬೇಕು ಎಂಬ ಅಂಶಗಳು ಅದರಲ್ಲಿವೆ. ದೂರು ಕೊಡಲು, ಆ ದೂರಿನ ವಿಚಾರಣೆ ನಡೆಯಲು ಮಾರ್ಗವನ್ನೂ ಅದು ಹೇಳಿದೆ. ಬೆಂಗಳೂರಿನಲ್ಲಿ ದುಡಿಯುವ ಮಕ್ಕಳಿರುವ ತಂದೆತಾಯಿಗಳು ಯುಗಾದಿಗೋ ಊರಹಬ್ಬಕ್ಕೋ ಅವರು ಬಂದಾಗ, ಆ ಅಧಿನಿಯಮದ ಮೇರೆಗೆ ಹೆಸರು ನೋಂದಾಯಿಸಿಕೊಂಡಿದ್ದಾರೆಯೇ ಎಂದು ಕೇಳುವುದು ಒಳಿತು.